ಲಾರಿ ಚಕ್ರದ ರಿಂಗು: ಪಟಾನ್‌ಚೆರು ರಸ್ತೆಯ ಹಳೇ ಅಪಾಯ

ಈ ಸಲದ ಮಾತುಕತೆಯ ಬರಹರೂಪ ಇದು. ವಿಡಿಯೊದಲ್ಲಿ ಕೈ ಆಡಿಸಿ ತೋರಿಸಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಹೈದರಾಬಾದಿನ ಪಶ್ಚಿಮ ಭಾಗದಲ್ಲಿರೋ ನಮ್ಮ ಕನ್ನಡದವರಿಗೆಲ್ಲ ಪಟಾನ್‌ಚೆರು ಅಂದ್ರೆ ಊರಿಗೆ ಹೋಗೋ ದಾರಿ. ಮಿಯಾಪುರ, ಬಿಎಚ್ಇಎಲ್, ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್. ಅಲ್ಲಿಂದ ಬಲಕ್ಕೆ ತಿರುಗಿದರೆ ಬೀದರ, ನೇರ ಹೋದರೆ ಹುಮನಾಬಾದ, ಅಲ್ಲಿಂದ ಎಡಕ್ಕೆ ಕಲಬುರಗಿ. ಈಗ ಇದನ್ನ ರಾಷ್ಟ್ರೀಯ ಹೆದ್ದಾರಿ 65 ಅಂತಾರೆ. ಮೊದಲು ಇದು 9. ನಮ್ಮ ಸೋದರಮಾವ ಇವತ್ತಿಗೂ 9 ಅಂತಲೇ ಅನ್ನೋದು, ಯಾಕಂದ್ರೆ ಅವರು ಇದರ ಮೇಲೆ ಟಾಟಾ 1210 ಓಡಿಸಿದವರು.

ಆ ಮಾವನಿಂದ ನಾನು ಚಿಕ್ಕವನಾಗಿದ್ದಾಗ ಕಲಿತ ಒಂದೇ ಒಂದು ಲಾರಿ ಪಾಠ ಇದು: "ಏ ಹುಡುಗಾ, ಗಾಳಿ ಹೊಡಿಯುವಾಗ ರಿಂಗಿನ ಮುಂದ ನಿಂದರಬ್ಯಾಡ." ಯಾಕೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಂಟೆಕ್ ಮುಗಿಸಿ, ಕೋಡ್ ಬರೆಯೋ ಕೆಲಸಕ್ಕೆ ಸೇರಿ, ಈ ರಸ್ತೆ ಪಕ್ಕದಲ್ಲೇ ಮನೆ ಮಾಡಿದ ಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ಆ ಲೆಕ್ಕ ಆಮೇಲೆ ಬರುತ್ತೆ. ಮೊದಲು ಈ ರಿಂಗು ಲಾರಿ ಚಕ್ರಕ್ಕೆ ಯಾಕೆ ಬಂತು ಅಂತ ನೋಡೋಣ.

ಹಳೇ ಲಾರಿಯ ಚಕ್ರ ಹತ್ತಿರದಿಂದ ನೋಡಿ. ನಿಮ್ಮ ಕಾರಿನ ಚಕ್ರದ ಹಾಗೆ ಅದು ಒಂದೇ ತುಂಡಲ್ಲ. ನಮ್ಮ ಕಡೆ ಡಿಸ್ಕ್ ಅಂತ ಕರೆಯೋ ಮುಖ್ಯ ಭಾಗಕ್ಕೆ ಒಂದು ಕಡೆ ಮಾತ್ರ ಅಂಚು ಇರುತ್ತೆ. ಇನ್ನೊಂದು ಕಡೆಯ ಅಂಚು ಬೇರೆಯೇ ಒಂದು ಉಕ್ಕಿನ ರಿಂಗು. ಅದು ಕಳಚಿ ಬೀಳದ ಹಾಗೆ ಹಿಡಿಯೋಕೆ ಮತ್ತೊಂದು ತೆಳ್ಳನೆಯ ರಿಂಗು, ಅದೇ ಲಾಕ್ ರಿಂಗ್. ಈ ಲಾಕ್ ರಿಂಗ್ ಒಂದು ಕಡೆ ಕತ್ತರಿಸಿರುತ್ತೆ, ಹಿಗ್ಗಿಸಿ ಡಿಸ್ಕಿನ ಗಾಡಿಯೊಳಗೆ ಕೂರಿಸಬೇಕು. ಹೆಚ್ಚಿನವು ಹೀಗೆ ಮೂರು ತುಂಡು. ಕೆಲವು ಎರಡೇ ತುಂಡು. ಒಳಗೆ ಟ್ಯೂಬು, ಟ್ಯೂಬಿಗೂ ಕಬ್ಬಿಣಕ್ಕೂ ನಡುವೆ ಫ್ಲಾಪ್ ಅನ್ನೋ ರಬ್ಬರ್ ಪಟ್ಟಿ. ಬೋಲ್ಟು ಇಲ್ಲ, ಬೆಸುಗೆ ಇಲ್ಲ. ಗಾಳಿ ಒಳಗಿಂದ ಒತ್ತುತ್ತೆ, ಆ ಒತ್ತಡಕ್ಕೇ ರಿಂಗುಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ಚಕ್ರವನ್ನ ಹಿಡಿದಿಡೋದೂ ಗಾಳಿ, ಬಿಚ್ಚಿ ಎಸೆಯೋದೂ ಅದೇ ಗಾಳಿ.

ಇಂಥದ್ದನ್ನ ಯಾರು, ಯಾಕೆ ಮಾಡಿದರು? ಹುಚ್ಚಿಗಲ್ಲ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಗಾಳಿ ಟಯರ್ ಮಾಡಿದ್ದು ಸೈಕಲ್ಲಿಗೆ. ಲಾರಿಗಳು ಮೊದಲನೇ ಮಹಾಯುದ್ಧದ ಕಾಲಕ್ಕೂ ಹೆಚ್ಚಾಗಿ ಗಟ್ಟಿ ರಬ್ಬರಿನ ಮೇಲೇ ಓಡ್ತಿದ್ದವು. 1917ರಲ್ಲಿ ಗುಡ್‌ಇಯರ್ ಕಂಪನಿ ಆಕ್ರನ್‌ನಿಂದ ಬಾಸ್ಟನ್‌ಗೆ ಗಾಳಿ ಟಯರ್ ಹಾಕಿದ ಲಾರಿ ಓಡಿಸಿ ಇದು ಆಗುತ್ತೆ ಅಂತ ತೋರಿಸ್ತು. ದಾರಿಯುದ್ದಕ್ಕೂ ಟಯರ್ ಒಡೆದವು, ಆದರೂ ಮುಟ್ಟಿತು. ಭಾರ ಹೊರೋ ಟಯರ್ ಅಂದ್ರೆ ಹತ್ತಿ ದಾರದ ಪದರದ ಮೇಲೆ ಪದರ, ಅಂಚಿನೊಳಗೆ ಉಕ್ಕಿನ ತಂತಿ. ತಂತಿ ಹಿಗ್ಗೋದಿಲ್ಲ. ಕಾರಿನ ರಿಮ್ಮಿನಲ್ಲಿ ನಡುವೆ ಒಂದು ತಗ್ಗು ಇರುತ್ತೆ, ಟಯರಿನ ಒಂದು ಬದಿಯನ್ನ ಆ ತಗ್ಗಿಗೆ ಇಳಿಸಿ ಇನ್ನೊಂದು ಬದಿಯನ್ನ ಅಂಚಿನ ಮೇಲಿಂದ ದಾಟಿಸ್ತಾರೆ. ದಪ್ಪ ಲಾರಿ ಟಯರ್ ಅಷ್ಟು ಬಳುಕೋದಿಲ್ಲ. ನಮ್ಮೂರಲ್ಲಿ ಬಂಡಿ ಗಾಲಿಗೆ ಕಬ್ಬಿಣದ ಪಟ್ಟಾ ಹಾಕುವಾಗ ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ ತೊಡಿಸ್ತಿದ್ದರು. ರಬ್ಬರಿಗೆ ಆ ದಾರಿ ಇಲ್ಲ. ಉಳಿದದ್ದು ಒಂದೇ ಉಪಾಯ: ಟಯರ್ ಬಳುಕದಿದ್ದರೆ ಅಂಚನ್ನೇ ಬಿಚ್ಚಿಬಿಡೋದು.

ನಡುವೆ ಒಂದು ಸಣ್ಣ ಮಾತು. ನಾವು ಸ್ಟೆಪ್ನಿ ಅಂತೀವಲ್ಲ, ಅದು ವೇಲ್ಸ್ ದೇಶದ ಲನೆಥ್ಲಿ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಸ್ಟೆಪ್ನಿ ಬೀದಿಯಲ್ಲಿ ಶುರುವಾದ ಹೆಚ್ಚುವರಿ ಚಕ್ರದ ವ್ಯಾಪಾರ ಅದು. ಆ ಕಂಪನಿಯ ಚಕ್ರವೂ ಅರೆಬರೆಯೇ, ಕಡ್ಡಿಗಳಿಲ್ಲದ ಬರೀ ರಿಮ್ಮು, ಅದಕ್ಕೆ ಗಾಳಿ ತುಂಬಿದ ಟಯರು. ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಅದನ್ನ ಕಚ್ಚಿಸಿ ಗಾಡಿ ಓಡಿಸೋದು. ವಸ್ತು ಹೋಗಿ ನೂರು ವರ್ಷ ಆಯ್ತು, ಹೆಸರು ಮಾತ್ರ ನಮ್ಮ ಕ್ಲೀನರ್‌ಗಳ ಬಾಯಲ್ಲಿ ಉಳೀತು.

ನಮ್ಮ ಭಾಗಕ್ಕೆ ಮೋಟಾರು ಬೇಗನೇ ಬಂತು. 1932ರಲ್ಲಿ ನಿಜಾಮರ ಸರ್ಕಾರ ತನ್ನ ರೈಲ್ವೆಯ ಕೈಕೆಳಗೇ ರಸ್ತೆ ಸಾರಿಗೆ ಇಲಾಖೆ ತೆಗೀತು, 27 ಬಸ್ಸು, 166 ನೌಕರರು. ಆ ಕಾಲದ್ದೊಂದು ಆಲ್ಬಿಯನ್ ಬಸ್ಸನ್ನ ಹೈದರಾಬಾದಿನ ಬಸ್ ಭವನದಲ್ಲಿ ಉಳಿಸಿಟ್ಟಿದ್ದಾರೆ, ಬಿಡುವಾದಾಗ ನೋಡಿ. ಬೀದರ, ಕಲಬುರಗಿ, ರಾಯಚೂರು ಎಲ್ಲ ಅದೇ ರಾಜ್ಯದಲ್ಲಿದ್ದವು. ಆದರೆ ರಸ್ತೆ ತುಂಬ ಲಾರಿ ಆಗಿದ್ದು ಸ್ವಾತಂತ್ರ್ಯದ ನಂತರ. 1954ರಲ್ಲಿ ಟೆಲ್ಕೊ ಕಂಪನಿ ಜರ್ಮನಿಯ ಬೆಂಜ್ ಜತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡೋಕೆ ಶುರು ಮಾಡ್ತು, ಮದ್ರಾಸಿನ ಕಡೆಯಿಂದ ಅಶೋಕ್ ಲೇಲ್ಯಾಂಡ್ ಬಂತು, 60ರ ದಶಕದಲ್ಲಿ ಅಲ್ಲೇ ಪಾಡಿಯಲ್ಲಿ ವೀಲ್ಸ್ ಇಂಡಿಯಾ ಚಕ್ರಗಳನ್ನ ಮಾಡತೊಡಗಿತು. 9.00-20, 10.00-20 ಅನ್ನೋ ಟಯರ್ ಅಳತೆ ದೇಶದ ಲಾರಿಗಳ ಅಳತೆಯೇ ಆಗಿಹೋಯ್ತು. ಈ ಇಪ್ಪತ್ತು ಇಂಚಿನ ಟ್ಯೂಬ್ ಟಯರ್ ಕೂರೋದು ರಿಂಗಿನ ಡಿಸ್ಕಿನ ಮೇಲೆ. ಪಟಾನ್‌ಚೆರು ಕೈಗಾರಿಕಾ ಪ್ರದೇಶ ಬೆಳೆದಾಗ, ಅದಕ್ಕೆ ಕಚ್ಚಾ ಮಾಲು ತಂದು ತಯಾರಾದ ಮಾಲು ಹೊತ್ತದ್ದು ಈ ಚಕ್ರಗಳೇ.

ಈಗ ಆ ಲೆಕ್ಕ. 10.00-20 ಟಯರಿಗೆ 100 ಪಿಎಸ್ಐ ಗಾಳಿ ಅಂತ ಇಟ್ಕೊಳ್ಳಿ, ಭರ್ತಿ ಲಾರಿಗೆ ಇದು ಹೆಚ್ಚೇನಲ್ಲ. ಕಾರಿಗೆ ನಾವು ಹಾಕಿಸೋದು 32, 33. ಟಯರಿನ ಪಕ್ಕದ ಗೋಡೆ ಮೇಲೆ ಬೀಳೋ ಒತ್ತಡದಲ್ಲಿ ರಿಂಗಿನ ಪಾಲಿಗೆ ಬರೋದು ಸುಮಾರು 400 ಚದರ ಇಂಚಿನಷ್ಟು. ಗುಣಿಸಿ: 40,000 ಪೌಂಡ್. ಅಂದ್ರೆ ಸುಮಾರು 18 ಟನ್. ಟಾಟಾ 1210 ಅನ್ನೋ ಹೆಸರಿನಲ್ಲಿ ಮೊದಲ 12 ಇದೆಯಲ್ಲ, ಅದು ಮಾಲು ಸಮೇತ ಇಡೀ ಲಾರಿಯ ತೂಕ, 12 ಟನ್. ಮಾಲು ತುಂಬಿದ ಲಾರಿಯೊಂದೂವರೆ ಭಾರ ಆ ಒಂದು ರಿಂಗನ್ನ ಹೊರಗೆ ತಳ್ತಾ ಇರುತ್ತೆ, ಹಗಲೂ ರಾತ್ರಿ, ನಿಂತಾಗಲೂ.

ಬರೀ ಬಲ ಅಷ್ಟೇ ಅಲ್ಲ. ಗಾಳಿ ಸ್ಪ್ರಿಂಗಿನ ಹಾಗೆ ಶಕ್ತಿ ಕೂಡಿಟ್ಟುಕೊಳ್ಳುತ್ತೆ. ಒಂದು ಟಯರಿನೊಳಗೆ ನೂರಮೂವತ್ತು ಲೀಟರ್ ಜಾಗ ಅಂತ ಹಿಡಿದರೆ, ಒಮ್ಮೆಲೇ ಬಿಟ್ಟಾಗ ಸಿಗೋ ಶಕ್ತಿ ಒಂದು ಟನ್ ತೂಕವನ್ನ ಹತ್ತು ಮೀಟರ್‌ಗಿಂತ ಮೇಲಕ್ಕೆ ಎತ್ತೋಕೆ ಸಾಕು. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಅದೆಲ್ಲ ಕೆಲವೇ ಕಿಲೋ ತೂಕದ ಒಂದು ಉಕ್ಕಿನ ಬಳೆಗೆ, ಕಣ್ಣು ಮಿಟುಕಿಸೋದರೊಳಗೆ. ಮಾವ ವಿವರಿಸದೆ ಬಿಟ್ಟದ್ದು ಇದು.

ರಿಂಗು ಸುಮ್ಮನೆ ಹಾರೋದಿಲ್ಲ, ಕಾರಣಗಳಿರುತ್ತವೆ. ಲಾಕ್ ರಿಂಗ್ ಕೂರೋ ಗಾಡಿಯಲ್ಲಿ ತುಕ್ಕು, ಮಣ್ಣು. ಸುತ್ತಿಗೆ ಏಟಿಗೆ ಸೊಟ್ಟಗಾದ ರಿಂಗು. ಒಂದು ಕಂಪನಿಯ ಡಿಸ್ಕಿಗೆ ಇನ್ನೊಂದು ಕಂಪನಿಯ ರಿಂಗು, ನೋಡೋಕೆ ಒಂದೇ ಥರ, ಕಚ್ಚೋ ಮೂಲೆ ಮಾತ್ರ ಬೇರೆ. ಮಿತಿ ಮೀರಿದ ಲೋಡು, ಅದಕ್ಕೆ ತಕ್ಕ ಹಾಗೆ ಮಿತಿ ಮೀರಿದ ಗಾಳಿ. ಓವರ್‌ಲೋಡ್ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಬೇಕಾಯ್ತು. ಎಲ್ಲಕ್ಕಿಂತ ಮೋಸದ್ದು ಅಂದ್ರೆ ಗಾಳಿ ಇಳಿದ ಟಯರಿನ ಮೇಲೆ ಸ್ವಲ್ಪ ದೂರ ಓಡಿಸಿ, ಬಿಚ್ಚದೆ ಹಾಗೇ ಗಾಳಿ ತುಂಬೋದು. ಗಾಳಿ ಇಲ್ಲದಾಗ ರಿಂಗು ಜಾಗ ಬಿಟ್ಟಿರುತ್ತೆ, ಹೊರಗಿಂದ ಕಾಣೋದಿಲ್ಲ. ಅರ್ಧ ಗಾಳಿ ಹೋದಮೇಲೆ ರಿಂಗು ಸರಿಯಾಗಿ ಕೂತಿಲ್ಲ ಅಂತ ಕಂಡು ಹುಡುಗ ಸುತ್ತಿಗೆಯಿಂದ ತಟ್ಟುತ್ತಾನೆ. ಆ ತಟ್ಟೋದು ಇದೆಯಲ್ಲ, ಅದನ್ನ ನೋಡೋಕೇ ನನಗೆ ಆಗೋದಿಲ್ಲ.

ಅಮೆರಿಕದಲ್ಲಿ ಇದರದ್ದೇ ದೊಡ್ಡ ಕಥೆ ಆಯ್ತು. ಫೈರ್‌ಸ್ಟೋನ್ ಕಂಪನಿಯ ಆರ್‌ಎಚ್5 ಅನ್ನೋ ರಿಮ್ಮು ನಿಜವಾಗಿ ನಡುವೆಯೇ ಎರಡು ಹೋಳು, ಕಚ್ಚಿಕೊಳ್ಳೋ ಜಾಗ ಟಯರಿನ ಒಳಗೆ ಅಡಗಿರುತ್ತಿತ್ತು. ಕೂತಿದೆಯೋ ಇಲ್ಲವೋ ಅಂತ ನೋಡೋ ದಾರಿಯೇ ಇಲ್ಲ. ಟಯರ್ ಕೆಲಸದವರು ಇಂಥವಕ್ಕೆ 'ವಿಡೋ ಮೇಕರ್' ಅಂತ ಹೆಸರಿಟ್ಟರು, ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಕಾರ್ಮಿಕ ಸುರಕ್ಷತೆಯ ಸಂಸ್ಥೆ ಓಷಾ 1980ರ ಜನವರಿಯಲ್ಲಿ ನಿಯಮ ತಂತು: ಬಿಚ್ಚೋ ಮೊದಲು ವಾಲ್ವಿನ ಪಿನ್ನು ತೆಗೆದು ಪೂರ್ತಿ ಗಾಳಿ ಬಿಡಬೇಕು, ತುಂಬುವಾಗ ಚಕ್ರ ಕಬ್ಬಿಣದ ಪಂಜರದೊಳಗೆ ಇರಬೇಕು, ಕೈಬಿಟ್ಟರೂ ನಿಲ್ಲೋ ಕ್ಲಿಪ್ಪು, ಉದ್ದ ಪೈಪು, ದೂರದಲ್ಲಿ ಮೀಟರು, ಒತ್ತಡ ಇರುವಾಗ ಸುತ್ತಿಗೆ ಮುಟ್ಟಕೂಡದು, ಹೇಳಿದ ಒತ್ತಡದ ಶೇ 80 ಅಥವಾ ಅದಕ್ಕೂ ಕಡಿಮೆ ಗಾಳಿಯಲ್ಲಿ ಓಡಿದ ಚಕ್ರವನ್ನ ಬಿಚ್ಚಿ ನೋಡದೆ ತುಂಬಕೂಡದು. 1984ರಲ್ಲಿ ಒಂದೇ ತುಂಡಿನ ಚಕ್ರಗಳಿಗೂ ನಿಯಮ ಹಬ್ಬಿಸಿದರು, ಯಾಕಂದ್ರೆ ಅವೂ ಸಾಧುಗಳಲ್ಲ.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ನಮ್ಮ ಲಾರಿಗಳ ಮೂರು ತುಂಡಿನ ಡಿಸ್ಕನ್ನ ಆ ಆರ್‌ಎಚ್5 ಜತೆ ಒಂದೇ ತಕ್ಕಡಿಯಲ್ಲಿ ಹಾಕೋದು ಅನ್ಯಾಯ. ನಮ್ಮದರಲ್ಲಿ ಲಾಕ್ ರಿಂಗ್ ಕಣ್ಣಿಗೆ ಕಾಣುತ್ತೆ. ಚೊಕ್ಕ ಡಿಸ್ಕು, ಜೋಡಿ ಸರಿಯಿರೋ ರಿಂಗು, ಪಂಜರ ಇದ್ದರೆ ಇದು ಕೆಲಸಕ್ಕೆ ಬರೋ ಚಕ್ರ. ಅನುಕೂಲವಂತೂ ಹೇಳತೀರದು. ಜಹೀರಾಬಾದ್ ದಾಟಿ ನಡುರಾತ್ರಿ ಪಂಕ್ಚರ್ ಆದರೆ ಎರಡು ಲಿವರು, ಒಂದು ಸುತ್ತಿಗೆ ಸಾಕು, ಯಂತ್ರ ಬೇಡ. ಟ್ಯೂಬ್ ತೆಗೆದು ಪ್ಯಾಚ್ ಹಾಕಿ ಬೆಳಗಾಗೋದರೊಳಗೆ ಹೊರಡಬಹುದು. ಮಾವನಿಗೆ ಆ ಚಕ್ರದ ಮೇಲೆ ಇವತ್ತಿಗೂ ಸಿಟ್ಟಿಲ್ಲ, ಅಭಿಮಾನವೇ ಇದೆ. ಅದು ನನಗೆ ಅರ್ಥ ಆಗುತ್ತೆ.

ಬದಲಾವಣೆ ನಿಧಾನಕ್ಕೆ ಬಂತು. ನಡುವೆ ತಗ್ಗಿರೋ, 22.5 ಇಂಚಿನ ಒಂದೇ ತುಂಡಿನ ಲಾರಿ ರಿಮ್ಮು ಅಮೆರಿಕದಲ್ಲಿ 1950ರ ದಶಕದಲ್ಲೇ ಬಂದಿತ್ತು. ಅದು ಟ್ಯೂಬ್‌ಲೆಸ್ ಟಯರಿಗೆ. ತುಂಡು ತುಂಡಿನ ರಿಮ್ಮಿನ ಸಂದಿಯಲ್ಲಿ ಗಾಳಿ ಸೋರುತ್ತೆ, ಹಾಗಾಗಿ ಟ್ಯೂಬ್ ಹೋಗಬೇಕಾದರೆ ರಿಂಗೂ ಹೋಗಬೇಕು. ನಮ್ಮಲ್ಲಿ ಬಹಳ ಜನ ಅದನ್ನ ಹತ್ತಿರದಿಂದ ನೋಡಿದ್ದು 2001ರಿಂದ ಹೊಸಕೋಟೆಯ ವೋಲ್ವೊ ಬಸ್ಸುಗಳಲ್ಲಿ. ನೀವು ಬೆಂಗಳೂರಿಗೆ ಐರಾವತದಲ್ಲಿ ಹೋಗಿದ್ದರೆ ಕೂತಿದ್ದೇ ಅಂಥ ಚಕ್ರದ ಮೇಲೆ. ಈಗ ಹೊಸ ಲಾರಿಗಳಲ್ಲೂ ಅದೇ ಹೆಚ್ಚುತ್ತಿದೆ.

ಹಾಗಾದ್ರೆ ಹಳೇ ಡಿಸ್ಕುಗಳು ಎಲ್ಲಿಗೆ ಹೋದವು? ಉಕ್ಕು ಬೇಗ ಸಾಯೋದಿಲ್ಲ. ಹೆದ್ದಾರಿಯಿಂದ ಇಳಿದು ಟಿಪ್ಪರ್, ಕಬ್ಬಿನ ಗಾಡಿ, ಇಟ್ಟಿಗೆ ಲಾರಿಗಳಿಗೆ ಹೋದವು. ಮತ್ತೆ, ಕೇಳಿ, ನೀರಿನ ಟ್ಯಾಂಕರ್‌ಗಳಿಗೆ. ಬೀರಂಗೂಡ, ಅಮೀನ್‌ಪುರ, ಪಟಾನ್‌ಚೆರು ಕಡೆ ಬೇಸಿಗೆಯಲ್ಲಿ ನಮ್ಮ ಸಂಪು ತುಂಬೋ ಟ್ಯಾಂಕರ್ ಬಂದಾಗ ಅದರ ಚಕ್ರ ನೋಡಿ. ತುಕ್ಕು ಹಿಡಿದ ರಿಂಗು, ಒಂದೊಂದು ಚಕ್ರಕ್ಕೆ ಒಂದೊಂದು ಬಣ್ಣ, ಅಂದ್ರೆ ಬೇರೆ ಬೇರೆ ಕಡೆಯಿಂದ ಬಂದು ಸೇರಿದ ತುಂಡುಗಳು. ನಾವು ಮನೆಯಿಂದ ಕೆಲಸ ಮಾಡ್ತಾ ಗುಂಪಿನಲ್ಲಿ 'ಟ್ಯಾಂಕರ್ ಇನ್ನೂ ಬಂದಿಲ್ಲ' ಅಂತ ಬರೆದಾಗ, ಡ್ರೈವರ್ ಯಾವುದೋ ಅಂಗಡಿಯಲ್ಲಿ ಹದಿನೇಳು ಹದಿನೆಂಟರ ಹುಡುಗನಿಗೆ 'ಬೇಗ ಹೊಡಿ' ಅಂತ ಅವಸರ ಮಾಡ್ತಿರ್ತಾನೆ.

ಆ ಹುಡುಗನನ್ನ ಕಾಯೋ ಕಾನೂನು? 1948ರ ಕಾರ್ಖಾನೆ ಕಾಯ್ದೆಯಲ್ಲಿ ಒತ್ತಡದ ಯಂತ್ರಗಳ ಬಗ್ಗೆ ಒಂದು ಕಲಮು ಇತ್ತು, 31ನೇದು. ಆದರೆ ಆ ಕಾಯ್ದೆಯ ಪ್ರಕಾರ ಕರೆಂಟ್ ಬಳಸೋ ಕಡೆ ಹತ್ತು ಜನ ಇದ್ದರೆ ಮಾತ್ರ ಅದು ಕಾರ್ಖಾನೆ. ಪಂಕ್ಚರ್ ಅಂಗಡಿಯಲ್ಲಿ ಇರೋದು ಇಬ್ಬರು, ಜೊತೆಗೆ ಒಂದು ಕಂಪ್ರೆಸರು. ಪಟಾನ್‌ಚೆರುವಿನ ಕಾರ್ಖಾನೆಯ ಗೇಟಿನೊಳಗೆ ಒಂದು ಲೆಕ್ಕ, ಗೇಟಿನ ಎದುರಿನ ಶೆಡ್ಡಿನಲ್ಲಿ ಇನ್ನೊಂದು ಲೆಕ್ಕ. ನನಗೆ ಇದರಲ್ಲಿ ಸಿಟ್ಟು ಬರೋದು ಇಲ್ಲೇ, ಚಕ್ರದ ಮೇಲಲ್ಲ.

ಪಂಜರ ಅಂದ್ರೆ ಏನೂ ಮಹಾ ಯಂತ್ರ ಅಲ್ಲ. ದಪ್ಪ ಉಕ್ಕಿನ ಪೈಪು ಬಗ್ಗಿಸಿ ಬೆಸೆದ ಮೂರು ನಾಲ್ಕು ಕಮಾನು, ಕೆಳಗೆ ಅಡಿಪಟ್ಟಿ. ಟಯರಿನ ಪೂರ್ತಿ ಒತ್ತಡದ ಒಂದೂವರೆ ಪಟ್ಟಿನಲ್ಲಿ ರಿಂಗು ಹಾರಿದರೂ ತಡೀಬೇಕು ಅನ್ನೋದು ಓಷಾ ಅಳತೆ, ಹಾಗಾಗಿ ಕಿಟಕಿ ಗ್ರಿಲ್ ಮಾಡೋವನ ಹತ್ತಿರ ಅಂದಾಜಿನ ಮೇಲೆ ಮಾಡಿಸೋದು ಬೇಡ. ಲೆಕ್ಕ ಹಾಕಿ ಮಾಡಿದ್ದೇ ಬೇಕು. ಪಂಜರ ಇಲ್ಲದ ಕಡೆ ಕೆಲವರು ಡಿಸ್ಕಿನ ತೂತುಗಳಲ್ಲಿ ಸರಪಳಿ ಸುತ್ತುತ್ತಾರೆ, ಕೆಲವರು ರಿಂಗನ್ನ ನೆಲಕ್ಕೆ ಮಾಡಿ ಮಲಗಿಸ್ತಾರೆ. ಸರಪಳಿ ಏನೂ ಇಲ್ಲದ್ದಕ್ಕಿಂತ ಮೇಲು, ಅಷ್ಟೇ. ನೆಲಕ್ಕೆ ಮಲಗಿಸಿದರೆ ರಿಂಗಿನ ಬದಲು ಇಡೀ ಚಕ್ರವೇ ಮೇಲಕ್ಕೆ ಹಾರುತ್ತೆ, ಅದರ ಮೇಲೆ ಬಗ್ಗಿ ನಿಂತವನ ಕಥೆ ಮುಗೀತು.

ನಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ಎರಡು ಮಾತು ಇಟ್ಟಿದ್ದೀನಿ. ಟ್ಯಾಂಕರ್‌ನ ಚಕ್ರ ಗೇಟಿನೊಳಗೆ ಬಿಚ್ಚೋದಾಗಲಿ ಗಾಳಿ ತುಂಬೋದಾಗಲಿ ಬೇಡ, ಮಕ್ಕಳು ಆಡ್ತಿರ್ತಾರೆ. ಎರಡನೇದು, ನಮ್ಮ ಟ್ಯಾಂಕರ್‌ಗಳು ಹೋಗೋ ಪಂಕ್ಚರ್ ಅಂಗಡಿಗೆ ಒಂದು ಪಂಜರ, ಕ್ಲಿಪ್ಪಿನ ಉದ್ದ ಪೈಪು, ಮೀಟರು ಕೊಡಿಸೋದು. ಮೊದಲನೇದಕ್ಕೆ ಎಲ್ಲರೂ ಒಪ್ಪಿದರು. ಎರಡನೇದು ಮುಂದಿನ ಸಭೆಗೆ ಹೋಗಿದೆ. ನೀವು ಕಾರಿಗೆ ಗಾಳಿ ಹಾಕಿಸೋಕೆ ನಿಂತಾಗ ಪಕ್ಕದಲ್ಲಿ ಲಾರಿ ಚಕ್ರಕ್ಕೆ ಗಾಳಿ ಹೋಗ್ತಿದ್ದರೆ ಫೋನ್ ಜೇಬಿಗೆ ಹಾಕಿ ದೂರ ಸರೀರಿ, ರಿಂಗು ಮುಖ ಮಾಡಿರೋ ಕಡೆಯಂತೂ ಬೇಡ.

ಮುಂದಿನ ಕಂತಿನಲ್ಲಿ ಮೈಸೂರಿನ ವಿಕ್ರಾಂತ್ ಟಯರ್ ಕಾರ್ಖಾನೆ ಮತ್ತು ನಮ್ಮ ದೇಶಕ್ಕೆ ರೇಡಿಯಲ್ ಲಾರಿ ಟಯರ್ ಬಂದ ಬಗ್ಗೆ ಮಾತಾಡೋಣ.