ಲಂಗರು ಗುರುತಿನ ಹಿಂಡು

ಜುಲೈ ತಿಂಗಳ ಒಂದು ಬೆಳಿಗ್ಗೆ. ಇಂಗ್ಲೆಂಡಿನ ನೈಋತ್ಯ ಮೂಲೆಯ ಎಕ್ಸ್‌ಮೂರ್‌ನಲ್ಲಿ, ವಿನ್ಸ್‌ಫರ್ಡ್ ಗುಡ್ಡದ ನೆತ್ತಿಯ ಮೇಲೆ ಟ್ರೈಪಾಡ್ ನಿಲ್ಲಿಸಿದಾಗ ಎಳೆಬಿಸಿಲಿತ್ತು. ಲೆನ್ಸ್ ಕೂಡಿಸುವಷ್ಟರಲ್ಲಿ ಕಡಲ ಕಡೆಯಿಂದ ಮೋಡ ಏರಿ ಬಂದು ಗುಡ್ಡವನ್ನೇ ನುಂಗಿತು. ನಾನು ಹುಟ್ಟಿದ ತೀರ್ಥಹಳ್ಳಿ ಸೀಮೆಯಲ್ಲಿ ಒಂದೊಂದು ಮಳೆಗೂ ಒಂದು ಹೆಸರಿದೆ, ನಕ್ಷತ್ರವಿದೆ; ಆರಿದ್ರೆ ಹೀಗೆ, ಪುನರ್ವಸು ಹಾಗೆ ಎಂದು ಹಿರಿಯರು ಲೆಕ್ಕ ಹೇಳುತ್ತಿದ್ದರು. ಇಲ್ಲಿಯ ಬೇಸಿಗೆ ಅಂಥ ಲೆಕ್ಕಕ್ಕೆ ಸಿಗುವುದಿಲ್ಲ. ಒಂದೇ ಗಂಟೆಯಲ್ಲಿ ಬಿಸಿಲು, ಮಂಜು, ಮಳೆ, ಮತ್ತೆ ಬಿಸಿಲು.

ನನ್ನೆದುರು ಹನ್ನೊಂದು ಕುದುರೆಗಳಿದ್ದವು. ಹೆಗಲೆತ್ತರ ಸುಮಾರು 4 ಅಡಿ, ಅಷ್ಟೇ. ಮಳೆ ಬಿದ್ದೊಡನೆ ಅವು ಓಡಲಿಲ್ಲ. ಒಂದೊಂದಾಗಿ ತಿರುಗಿ ಗಾಳಿಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿ ನಿಂತವು. ಇವು ಎಕ್ಸ್‌ಮೂರ್ ಪೋನಿಗಳು; ಇವುಗಳ ಬಾಲದ ಬುಡದಲ್ಲಿ ಬೀಸಣಿಗೆಯಂತೆ ಹರಡಿದ ಗಿಡ್ಡ ಕೂದಲಿದೆ. ಬೆನ್ನಿನಿಂದ ಇಳಿದ ನೀರು ಮೈಗೆ ಇಂಗದೆ ಅದರ ಮೇಲಿಂದ ಜಾರಿಹೋಗುತ್ತದೆ. ಕಣ್ಣಿನ ಸುತ್ತ ದಪ್ಪ ರೆಪ್ಪೆಯ ಅಂಚು, ಮಳೆಗೆ ಕಟ್ಟಿದ ಸೂರಿನ ಹಾಗೆ. ಮೂತಿ ಅಕ್ಕಿಹಿಟ್ಟಿನ ಮರಿಗೆಗೆ ಇಟ್ಟು ತೆಗೆದಂತೆ ಬಿಳಿಚು. ಉಳಿದ ಮೈ ಬಹುಪಾಲು ಕಂದು. ಎಲ್ಲೂ ಬಿಳಿ ಮಚ್ಚೆ ಇರಬಾರದೆಂಬುದು ಈ ತಳಿಯ ಕಟ್ಟಳೆ.

ಫೋಟೋ ತೆಗೆಯುವವರಿಗೆ ಇದು ಕಷ್ಟದ ಬಣ್ಣ. ಬೆಳ್ಳನೆಯ ಮೋಡದೆದುರು ನಿಂತ ಕಂದು ಮೈಯನ್ನು ಕ್ಯಾಮೆರಾ ಕರಿಯ ಗುಡ್ಡೆ ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿದರೆ ಮೈಯ ಕೂದಲು ಕಾಣುತ್ತದೆ, ಆಕಾಶ ಸುಟ್ಟುಹೋಗುತ್ತದೆ. ಹಾಗಾಗಿ ಕಾಯುವುದೇ ದಾರಿ. ಮಳೆ ನಿಂತು, ಮೋಡ ಒಡೆದು, ಓರೆಬಿಸಿಲು ಬಿದ್ದಾಗ ಒದ್ದೆ ಬೆನ್ನುಗಳಿಂದ ಹಬೆ ಏಳುತ್ತದೆ. ಆ ಎರಡು ಮೂರು ನಿಮಿಷಕ್ಕಾಗಿ ನಾನು ಹದಿನಾರು ವರ್ಷಗಳಿಂದ ಟಾಂಟನ್ ಊರಿನಿಂದ ಇಲ್ಲಿಗೆ ಬರುತ್ತಿದ್ದೇನೆ.

ಬಂದವರೆಲ್ಲ ಇವನ್ನು ‘ಕಾಡುಕುದುರೆ’ ಎನ್ನುತ್ತಾರೆ. ಮೊದಮೊದಲು ನಾನೂ ಹಾಗೆಯೇ ನಂಬಿದ್ದೆ. ಆದರೆ ಇಲ್ಲಿ ಒಡೆಯನಿಲ್ಲದ ಕುದುರೆ ಒಂದೂ ಇಲ್ಲ. ಇವು ಕಾಡಿನವಲ್ಲ, ಬಿಟ್ಟು ಮೇಯಿಸುವ ಕುದುರೆಗಳು. ಈ ಬಿಡುವ ಪದ್ಧತಿಗೆ ಉದ್ದದ ಚರಿತ್ರೆಯಿದೆ.

ಎಕ್ಸ್‌ಮೂರ್ ಶತಮಾನಗಳ ಕಾಲ ಅರಸರ ‘ಫಾರೆಸ್ಟ್’ ಆಗಿತ್ತು. ಹೆಸರಿಗೆ ಕಾಡು, ಮರಗಳು ಕಡಿಮೆ, ಹುಲ್ಲು ಹೆಚ್ಚು. ಸುತ್ತಲಿನ ರೈತರು ಶುಲ್ಕ ಕಟ್ಟಿ ಬೇಸಿಗೆಯಲ್ಲಿ ಕುರಿಗಳನ್ನು ಮೇಯಲು ಬಿಡುತ್ತಿದ್ದರು. ಉಸ್ತುವಾರಿಗೆ ವಾರ್ಡನ್ ಒಬ್ಬನಿರುತ್ತಿದ್ದ. ಕೊನೆಯ ವಾರ್ಡನ್ ಸರ್ ಥಾಮಸ್ ಆಕ್ಲಂಡ್. 1818ರಲ್ಲಿ ಅರಸೊತ್ತಿಗೆ ತನ್ನ ಪಾಲಿನ ನೆಲವನ್ನು ಮಾರಿತು. ಕೊಂಡವನು ಕಬ್ಬಿಣದ ಉದ್ಯಮದ ಕುಟುಂಬದ ಜಾನ್ ನೈಟ್. ಅಲ್ಲಿ ಮೇಯುತ್ತಿದ್ದ ಕುದುರೆಗಳ ಹಿಂಡು ಹರಾಜಾಯಿತು. ಆಕ್ಲಂಡ್ ಮಾತ್ರ ಹಳೆಯ ಹಿಂಡಿನಲ್ಲಿ ಒಂದಷ್ಟನ್ನು ಉಳಿಸಿಕೊಂಡು ತನ್ನದೇ ನೆಲವಾದ ಈ ವಿನ್ಸ್‌ಫರ್ಡ್ ಗುಡ್ಡಕ್ಕೆ ಹೊಡೆಸಿಕೊಂಡು ಬಂದ. ಲಂಗರಿನ ಆಕಾರದ ಬರೆ ಆ ಹಿಂಡಿನ ಗುರುತಾಯಿತು. ನಾನು ಅಂದು ಮಳೆಯಲ್ಲಿ ಕಾದು ನಿಂತಿದ್ದ ನೆಲ ಅದೇ.

ಇತ್ತ ನೈಟ್ ಕುದುರೆಗಳ ಎತ್ತರ ಹೆಚ್ಚಿಸಲು ಹೊರಗಿನ ತಳಿಯ ಗಂಡುಗಳನ್ನು ತಂದು ಕೂಡಿಸಿದ. ಹುಟ್ಟಿದ ಮರಿಗಳು ಎತ್ತರವಾದವು, ಚಂದವಾದವು. ಆದರೆ ಈ ಗುಡ್ಡದ ಚಳಿಗಾಲವನ್ನು ಹೊರಗೆ ನಿಂತು ಕಳೆಯುವ ಕಸುವು ಅವಕ್ಕಿರಲಿಲ್ಲ. ಆಯ್ಕೆ ಮನುಷ್ಯನದಾದರೂ ಜರಡಿ ಹಿಡಿಯುವುದು ಹವೆಯೇ. ಎಕ್ಸ್‌ಮೂರ್‌ನ ಹವೆ ಎಂಥದೆಂದು 1952ರ ಆಗಸ್ಟ್ 15 ಜಗತ್ತಿಗೆ ತೋರಿಸಿತು. ಮೊದಲೇ ನೆನೆದು ಕುಡಿದಿದ್ದ ಗುಡ್ಡಗಳ ಮೇಲೆ ಒಂದು ದಿನದಲ್ಲಿ 229 ಮಿಲಿಮೀಟರ್ ಮಳೆ ಸುರಿಯಿತು. ಆ ರಾತ್ರಿ ಕೆಳಗಿನ ಲಿನ್‌ಮತ್ ಊರಿಗೆ ಬಂಡೆಗಳನ್ನೇ ಉರುಳಿಸಿಕೊಂಡು ಹೊಳೆ ನುಗ್ಗಿತು. ಈ ಪ್ರವಾಹದಲ್ಲಿ 34 ಜನ ತೀರಿಕೊಂಡರು. ಅದೂ ಬೇಸಿಗೆಯೇ.

ಇಂಥ ಹವೆಯಲ್ಲೂ ಬದುಕಿದ ಕುದುರೆಗಳನ್ನು ಕೊನೆಗೂ ಅಳಿವಿನಂಚಿಗೆ ತಂದವರು ಮನುಷ್ಯರು. 1921ರಲ್ಲಿ ಸಾಕುವವರೆಲ್ಲ ಸೇರಿ ಎಕ್ಸ್‌ಮೂರ್ ಪೋನಿ ಸೊಸೈಟಿ ಕಟ್ಟಿದ್ದರು. ಎರಡನೆಯ ಮಹಾಯುದ್ಧ ಬಂತು. ಗುಡ್ಡಗಳು ಸೈನಿಕರ ತಾಲೀಮಿನ ಬಯಲಾದವು. ಕೆಲವು ಕುದುರೆಗಳು ಗುಂಡಿಗೆ ಗುರಿಯಾದವು. ಆಹಾರದ ಕೊರತೆಯ ಕಾಲ. ಕಳ್ಳರು ಮಾಂಸಕ್ಕಾಗಿ ಹೊಡೆದೊಯ್ದರು. ಯುದ್ಧ ಮುಗಿದಾಗ ಉಳಿದದ್ದು ಸುಮಾರು 50. ಆಗ ಮೇರಿ ಎದರಿಂಗ್ಟನ್ ಎಂಬ ಹೆಣ್ಣುಮಗಳು ರೈತರನ್ನು ಮತ್ತೆ ಒಗ್ಗೂಡಿಸಿದಳು. ದನಕುದುರೆ ದಾಟದಂತೆ ರಸ್ತೆಯ ಹೊಂಡದ ಮೇಲೆ ಕಬ್ಬಿಣದ ಸರಳು ಹಾಸುವ ಕ್ಯಾಟಲ್ ಗ್ರಿಡ್‌ಗಳಿಗಾಗಿ ಹೋರಾಡಿದಳು. ನಮ್ಮ ತೋಟದ ಉಣುಗೋಲು ಮಾಡುವ ಕೆಲಸವನ್ನೇ ಅವು ಮಾಡುತ್ತವೆ. 1963ರಲ್ಲಿ ತಳಿಯ ವಂಶಾವಳಿ ಪುಸ್ತಕ ಅಚ್ಚಾಯಿತು. ಇವತ್ತಿಗೂ ಶರತ್ಕಾಲದಲ್ಲಿ ಹಿಂಡುಗಳನ್ನು ಗುಡ್ಡದಿಂದ ಕೊಟ್ಟಿಗೆಗೆ ಇಳಿಸಿ, ಆ ವರ್ಷದ ಮರಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಅಂದು ಮಳೆ ನಿಂತಾಗ ಮೊದಲು ಕೇಳಿದ್ದು ಬಾನಾಡಿಯ ದನಿ. ಕಣಿವೆಯಾಚೆ ಕೆಂಪುಜಿಂಕೆಯ ಗಂಡೊಂದು ಇನ್ನೂ ಮಖಮಲ್ಲು ಕಳಚದ ಕೊಂಬು ಹೊತ್ತು ಜರೀಗಿಡಗಳ ನಡುವಿನಿಂದ ಎದ್ದಿತು. ನಿಜವಾಗಿ ಕಾಡಿನದೆನ್ನಬಹುದಾದ ಪ್ರಾಣಿ ಅದು. ನನ್ನ ವಾಸನೆ ಸಿಕ್ಕಿದ್ದೇ ಮಾಯವಾಯಿತು. ಕುದುರೆಗಳು ನಿಂತಲ್ಲೇ ಮೈ ಕೊಡವಿ, ಮುಳ್ಳಿನ ಗಾರ್ಸ್ ಪೊದೆಯ ಸುತ್ತ ಮೇಯತೊಡಗಿದವು. ತಾಯ ಹೊಟ್ಟೆಯಡಿಯಿಂದ ಮರಿಯೊಂದು ತಲೆ ಹೊರಗಿಟ್ಟಿತು. ಬಿಸಿಲು ಬಿತ್ತು. ಹಬೆ ಎದ್ದಿತು. ಒಂಬತ್ತು ಚಿತ್ರ ತೆಗೆದೆ.

ಮರಿಯ ಕಣ್ಣು ನೋಡುತ್ತಾ ನನಗೆ ಕೆಂಪಿ ನೆನಪಾದಳು. ನಮ್ಮಜ್ಜಿ ಸಾಕಿದ ಮಲೆನಾಡು ಗಿಡ್ಡ ತಳಿಯ ಹಸು. ಬೆಳಿಗ್ಗೆ ಕಾಡಿಗೆ ಬಿಟ್ಟರೆ ಬ್ಯಾಣದಲ್ಲಿ, ಕಾನಂಚಿನಲ್ಲಿ ಮೇಯ್ದು, ಮಳೆ ಹೊಡೆಯಲಿ ಮಂಜು ಮುಸುಕಲಿ, ಸಂಜೆಗೆ ಕೊರಳ ಗಂಟೆಯೊಡನೆ ತಾನೇ ಬರುವವಳು. ಗಿಡ್ಡ ದೇಹ, ಗಟ್ಟಿ ಗೊರಸು. ಮಲೆನಾಡಿನ ಮಳೆ ಜರಡಿ ಹಿಡಿದು ಉಳಿಸಿದ ಜೀವ. ಹೆಚ್ಚು ಹಾಲಿನ ಮಿಶ್ರತಳಿಗಳು ಬಂದ ಮೇಲೆ ಕೊಟ್ಟಿಗೆಗಳಿಂದ ಗಿಡ್ಡಗಳು ಸರಿಯುತ್ತಾ ಹೋದವು. ನನ್ನ ಬಳಿ ಎಕ್ಸ್‌ಮೂರ್ ಕುದುರೆಗಳ ಸಾವಿರಾರು ಚಿತ್ರಗಳಿವೆ. ಕೆಂಪಿಯದು ಒಂದೂ ಇಲ್ಲ.

ಹೋದ ವರ್ಷ ಊರಿಗೆ ಹೋದಾಗ ಪಕ್ಕದ ಮನೆಯಲ್ಲಿ ಇನ್ನೂ ಎರಡು ಗಿಡ್ಡಗಳಿದ್ದವು. ಪುಷ್ಯ ಮಳೆ ಬಿಡುವು ಕೊಟ್ಟ ಸಂಜೆ, ಅವು ಮನೆಗೆ ಮರಳುವ ಹೊತ್ತಿಗೆ ಉಣುಗೋಲಿನ ಹತ್ತಿರ ಕಾದು ಕೂತೆ. ಮುದ್ರಿಸಿದ ಚಿತ್ರದ ಹಿಂದೆ ಹಸುವಿನ ಹೆಸರು, ಅದರ ತಾಯಿಯ ಹೆಸರು, ಸಾಕಿದ ಮನೆ, ತಾರೀಕು ಬರೆದಿದ್ದೇನೆ. ಹೀಗೆ ಬರೆದಿಡುವುದನ್ನು ನಾನು ಕಲಿತದ್ದು ಲಂಗರು ಗುರುತಿನ ಗುಡ್ಡದಲ್ಲಿ.