ದಾರಿಯ ಸುಂಕ

ಬೆಂಗಳೂರಿನಿಂದ ತುಮಕೂರಿಗೆ ಬರುವ ಪ್ರಯಾಣಿಕರಿಗೆ ಕ್ಯಾತ್ಸಂದ್ರವೆಂದೊಡನೆ ನೆನಪಾಗುವುದು ತಟ್ಟೆ ಇಡ್ಲಿ; ಲಾರಿಯವರಿಗೆ ಅಲ್ಲಿಯ ಟೋಲ್. ಲಾರಿಯೊಂದು ರಸ್ತೆಯ ಹೆಸರಿನಲ್ಲಿ ಮೂರು ಕಡೆ ಹಣ ತೆರುತ್ತದೆ: ಸಾರಿಗೆ ಕಚೇರಿಯಲ್ಲಿ ವಾಹನ ತೆರಿಗೆ, ಬಂಕಿನಲ್ಲಿ ಡೀಸೆಲಿನೊಡನೆ ತೆರಿಗೆ, ಟೋಲಿನಲ್ಲಿ ಸುಂಕ. ವಾಹನ ತೆರಿಗೆಯನ್ನು ಕೈಬಿಟ್ಟು ಇಂಧನದ ಮೇಲೆಯೇ ಹೆಚ್ಚು ವಸೂಲು ಮಾಡಬಾರದೇಕೆ ಎಂದು ಕೇಳುವವರಿದ್ದಾರೆ.

ದಾರಿಯಲ್ಲಿ ಸುಂಕ ಎತ್ತುವುದು ನಮ್ಮಲ್ಲಿ ಬಹು ಹಳೆಯ ಪದ್ಧತಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವರೇ ಒಬ್ಬರಿದ್ದರು. ಮೈಸೂರಿನಲ್ಲಿ 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದುವು.

ಮೋಟಾರು ಬಂದ ಮೇಲೆ ಲೆಕ್ಕವೇ ಬದಲಾಯಿತು. 1927ರಲ್ಲಿ ಎಂ. ಆರ್. ಜಯಕರರ ಅಧ್ಯಕ್ಷತೆಯಲ್ಲಿ ನೇಮಕವಾದ ರಸ್ತೆ ಅಭಿವೃದ್ಧಿ ಸಮಿತಿಯ ಸಲಹೆಯಂತೆ, 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 2 ಆಣೆ ಹೆಚ್ಚಿನ ಸುಂಕ ಹಾಕಿ, ಅದನ್ನು ರಸ್ತೆ ನಿಧಿಗೆ ಸೇರಿಸಿದರು. ಏರ್ಪಾಟು ಜಾಣತನದ್ದೇ. ಕೊಟ್ಟಿಗೆಯಲ್ಲಿ ನಿಂತ ಕಾರು ರಸ್ತೆಯನ್ನು ಸವೆಸುವುದಿಲ್ಲ; ಓಡಿದಷ್ಟಕ್ಕೆ ತೆರಿಗೆ. ಬಾಡಿಗೆಯ ಗಾಡಿಯನ್ನು ಹಗಲಿರುಳು ಓಡಿಸಿ ಹೊಟ್ಟೆ ಹೊರೆಯುವವನಿಗೆ ಮಾತ್ರ ಈ ನ್ಯಾಯ ಸ್ವಲ್ಪ ಕಹಿ.

ಆದರೂ ವಾಹನ ತೆರಿಗೆ ಹೋಗಲಿಲ್ಲ. ರಾಜ್ಯ ಪುನರ್ವಿಂಗಡಣೆಯಾದ ಬಳಿಕ 1957ರಲ್ಲಿ ವಿಶಾಲ ಮೈಸೂರಿಗೆ ಮೋಟಾರು ವಾಹನ ತೆರಿಗೆಯ ಒಂದೇ ಕಾಯಿದೆ ಬಂತು. ಸಂವಿಧಾನದಲ್ಲಿ ವಾಹನ ತೆರಿಗೆ ರಾಜ್ಯದ ಪಾಲು, ಪೆಟ್ರೋಲಿನ ಮೇಲಿನ ಅಬಕಾರಿ ಸುಂಕ ಕೇಂದ್ರದ್ದು. ರಾಜ್ಯಕ್ಕೆ ಮಾರಾಟ ತೆರಿಗೆ ಉಂಟು, ನಿಜ. ಆದರೆ ಕೈಯಲ್ಲಿರುವ ಬುತ್ತಿಯನ್ನು ಯಾರು ಬಿಟ್ಟಾರು?

ಇನ್ನೊಂದು ಕಾರಣ ರಸ್ತೆಯಲ್ಲೇ ಇದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ನಡೆಸಿದ ಪರೀಕ್ಷೆಯಿಂದ, ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟಾಗುತ್ತದೆಂದು ಕಂಡುಬಂತು. ಡೀಸೆಲಿನ ಖರ್ಚು ಹಾಗೆ ಏರುವುದಿಲ್ಲ. ಹಾಗಾಗಿ ಇಂಧನದ ತೆರಿಗೆಯೊಂದನ್ನೇ ನಂಬಿದರೆ ಭಾರದ ಲಾರಿಯ ಬಾಕಿಯನ್ನು ಸ್ಕೂಟರಿನವನೂ ತೀರಿಸಬೇಕಾಗುತ್ತದೆ. ಹೊಲ ಬಿಟ್ಟು ಕದಲದ ಟಿಲ್ಲರಿನವನೂ ರಸ್ತೆಗೆಂದು ತೆರುತ್ತಾನೆ. ತೂಕ ನೋಡಿ ಹಾಕುವ ವಾಹನ ತೆರಿಗೆಯನ್ನು ಪೂರ್ತಿ ಅಳಿಸಬಾರದೆಂದು ನನಗನ್ನಿಸುವುದು ಇದರಿಂದಲೇ.

ಈಗ ಪೆಟ್ರೋಲನ್ನೇ ಕುಡಿಯದ ವಿದ್ಯುತ್ ವಾಹನಗಳು ಬಂದಿವೆ. 2016ರಿಂದ ಕರ್ನಾಟಕ ಇವಕ್ಕೆ ವಾಹನ ತೆರಿಗೆಯ ವಿನಾಯಿತಿ ಕೊಟ್ಟಿತ್ತು. 2024ರಲ್ಲಿ 25 ಲಕ್ಷ ರೂಪಾಯಿಗೆ ಮೇಲ್ಪಟ್ಟ ಬೆಲೆಯ ವಿದ್ಯುತ್ ಕಾರುಗಳ ಮೇಲೆ ಶೇಕಡ 10ರ ಆಜೀವ ತೆರಿಗೆ ಹಾಕಿತು.