ಬೊಲೊನ್ಯಾ: ಸೂರಿನಡಿಯ ನಡಿಗೆ

ಇಟಲಿಯ ಬೊಲೊನ್ಯಾದಲ್ಲಿ ಮಳೆ ಬಂದರೂ ಕೊಡೆ ಬಿಚ್ಚುವ ಪ್ರಮೇಯ ಕಡಿಮೆ. ಹಳೆಯ ಬೀದಿಗಳಲ್ಲಿ ಮನೆಗಳೇ ಕಾಲುದಾರಿಯ ಮೇಲೆ ಚಾಚಿ ನಿಂತಿವೆ. ಪೋರ್ಟಿಕೊ ಎನ್ನುವ ಈ ಕಂಬಸಾಲುಗಳ ಒಟ್ಟು ಉದ್ದ ಸುಮಾರು 62 ಕಿಲೋಮೀಟರ್.

ಇವು ಹುಟ್ಟಿದ್ದು ಇಕ್ಕಟ್ಟಿನಿಂದ. ವಿಶ್ವವಿದ್ಯಾಲಯಕ್ಕೆ ಬಂದ ವಿದ್ಯಾರ್ಥಿಗಳಿಂದ ಊರು ತುಂಬಿದಂತೆ ಜನ ಮೇಲಂತಸ್ತನ್ನು ಬೀದಿಯತ್ತ ಬೆಳೆಸಿ, ಕೆಳಗೆ ಮರದ ಕಂಬ ಕೊಟ್ಟು ಕೋಣೆ ಕಟ್ಟಿಕೊಂಡರು. ಬೇರೆ ಎಷ್ಟೋ ಊರುಗಳು ಇಂಥ ಒತ್ತುವರಿಯನ್ನು ತಡೆದವು. ಬೊಲೊನ್ಯಾ 1288ರಲ್ಲಿ ಅದನ್ನೇ ಕಡ್ಡಾಯ ಮಾಡಿತು. ಹೊಸ ಮನೆಗೆ ಪೋರ್ಟಿಕೊ ಇರಲೇಬೇಕು, ಕುದುರೆ ಸವಾರನ ತಲೆ ತಾಗದಷ್ಟು ಎತ್ತರವೂ ಬೇಕು. ಜಾಗ ಮಾಲೀಕನದು, ದುರಸ್ತಿಯ ಖರ್ಚೂ ಅವನದೇ. ಓಡಾಡುವ ಹಕ್ಕು ಮಾತ್ರ ಎಲ್ಲರದು. ನಡೆಯುವವರ ಪಾಲಿಗೆ ಇಷ್ಟು ಉದಾರವಾದ ಹಳೆಯ ಕಾನೂನು ಬಲು ಅಪರೂಪ.

1568ರಲ್ಲಿ ಮರದ ಕಂಬಗಳನ್ನು ತೆಗೆದು ಇಟ್ಟಿಗೆ ಇಲ್ಲವೇ ಕಲ್ಲಿನವನ್ನು ನಿಲ್ಲಿಸಬೇಕೆಂಬ ಆಜ್ಞೆ ಹೊರಟಿತು. ಹಾಗಿದ್ದೂ ಸ್ತ್ರಾದಾ ಮಜ್ಜೋರೆ ಬೀದಿಯ ಕಾಸಾ ಇಸೊಲಾನಿಯಲ್ಲಿ 13ನೇ ಶತಮಾನದ ಓಕ್ ಕಂಬಗಳು ಉಳಿದಿವೆ. ತೀರಾ ಎತ್ತರದ ಆ ಕಂಬಗಳು ಮೂರನೆಯ ಅಂತಸ್ತನ್ನು ಇಂದಿಗೂ ಹೊತ್ತಿವೆ.

ಎಲ್ಲಕ್ಕಿಂತ ಉದ್ದದ ಸಾಲಿನ ಕೆಲಸ 1674ರಲ್ಲಿ ಶುರುವಾಯಿತು. ಸಾರಗೋಜ್ಜಾ ಬಾಗಿಲಿನಿಂದ ಗುಡ್ಡದ ಮೇಲಿನ ಸಾನ್ ಲೂಕಾ ಚರ್ಚಿನವರೆಗೆ 666 ಕಮಾನುಗಳು, ಹತ್ತಿರಹತ್ತಿರ ನಾಲ್ಕು ಕಿಲೋಮೀಟರ್. ವರ್ಷಕ್ಕೊಮ್ಮೆ ಮಾತೆ ಮೇರಿಯ ಚಿತ್ರಪಟ ಊರಿಗೆ ಇಳಿದುಬರುವುದು ಈ ದಾರಿಯಲ್ಲೇ.

2021ರಲ್ಲಿ ಯುನೆಸ್ಕೊ ಈ ಪೋರ್ಟಿಕೊಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎರಡೇ ದಿನಕ್ಕೆಂದು ಹೋಗುವವರು ಒಂದಿಡೀ ಬೆಳಗನ್ನು ಸಾನ್ ಲೂಕಾ ಏರಲು ಮೀಸಲಿಡಲಿ. ಉಳಿದ ಹೊತ್ತಿಗೆ ಊರೊಳಗಿನ ಕಂಬಸಾಲುಗಳೇ ಸಾಕು.